ಬೇಸಿಗೆಯಲ್ಲಿ ಟೈರಿನ ಗಾಳಿ ಇಳಿಸಬೇಕೇ?

ಮಾರ್ಚ್ ತಿಂಗಳು ಮುಗಿಯುವ ಹೊತ್ತಿಗೆ ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣದ ಕಡೆ ಪಂಕ್ಚರ್ ಅಂಗಡಿಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: ‘ಬ್ಯಾಸಗಿ ಅದ, ಹವಾ ನಾಕು ಪಾಯಿಂಟ್ ಕಮ್ಮಿ ಇರಲಿ.’ ಹೇಳುವವರ ಮನಸ್ಸಿನಲ್ಲಿರುವುದು ಒಳ್ಳೆಯ ಉದ್ದೇಶವೇ. ಬಿಸಿಲಿಗೆ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ಟೈರನ್ನು ಸಿಡಿಸುತ್ತದೆ, ಹಾಗಾಗಿ ಮೊದಲೇ ಸ್ವಲ್ಪ ಕಡಿಮೆ ತುಂಬಿರಬೇಕು ಎಂಬುದು ಅವರ ಲೆಕ್ಕ. ಈ ಲೆಕ್ಕದ ಮೊದಲ ಮಾತು ಸರಿ, ಎರಡನೆಯದು ತಪ್ಪು. ಹಾಗಾಗಿ ಕೊನೆಯ ಸಲಹೆ ಅಪಾಯಕಾರಿ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಬೀದರ್ ಜಿಲ್ಲೆಯಲ್ಲಿ, ಕಾರಿನ ತುಂಬ ಜನ ಹತ್ತಿಸಿಕೊಂಡು ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹೈದರಾಬಾದಿಗೋ ಸೋಲಾಪುರಕ್ಕೋ ಹೊರಡುವವರು ಗಾಳಿ ಇಳಿಸಿದರೆ, ಯಾವ ಅನಾಹುತ ತಪ್ಪಿಸಬೇಕೆಂದು ಹೊರಟರೋ ಅದನ್ನೇ ಹತ್ತಿರ ಕರೆದಂತಾಗುತ್ತದೆ. ಇದು ಹೇಗೆಂದು ತಿಳಿಯಬೇಕಾದರೆ ಟೈರಿನ ಮೈಮೇಲೆ ಅಚ್ಚಾಗಿರುವ ಸಂಖ್ಯೆಗಳನ್ನು ಓದಲು ಕಲಿಯಬೇಕು, ಆ ಸಂಖ್ಯೆಗಳ ಹಿಂದಿರುವ ಸರಳ ಭೌತಶಾಸ್ತ್ರವನ್ನು ಒಮ್ಮೆ ನೋಡಬೇಕು.

ಮೊದಲಿಗೆ, ಕಾರಿನ ಭಾರ ಹೊರುವುದು ಯಾವುದು? ಟೈರ್ ದಪ್ಪಗಿದೆ, ಒಳಗೆ ಉಕ್ಕಿನ ತಂತಿಯಿದೆ, ಅದೇ ಹೊರುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಗಾಳಿ ಹೋದ ಟೈರ್ ನೆಲಕ್ಕೆ ಚಪ್ಪಟೆಯಾಗಿ ಕೂರುವುದನ್ನು ಎಲ್ಲರೂ ನೋಡಿದ್ದೇವೆ. ಭಾರದ ಬಹುಪಾಲನ್ನು ಹೊರುವುದು ಒತ್ತಡದಲ್ಲಿರುವ ಗಾಳಿ. ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದು ರಬ್ಬರ್ ಮತ್ತು ತಂತಿಗಳ ಕೆಲಸ. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಾಗಿನಿಂದ ಇಂದಿನವರೆಗೂ ಈ ಮೂಲ ತತ್ವ ಬದಲಾಗಿಲ್ಲ. ಒಂದು ಚಕ್ರದ ಮೇಲೆ 400 ಕಿಲೋ ಭಾರ ಬಿದ್ದಿದೆ, ಒಳಗೆ 30 ಪಿಎಸ್‌ಐ ಗಾಳಿಯಿದೆ ಎಂದುಕೊಳ್ಳಿ. 30 ಪಿಎಸ್‌ಐ ಎಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ ಒತ್ತಡ. ಭಾಗಿಸಿದರೆ ಸಿಗುವುದು ಸುಮಾರು 190 ಚದರ ಸೆಂಟಿಮೀಟರ್. ಅಂದರೆ ಸರಿಸುಮಾರು 16 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಉದ್ದದ ಜಾಗದಲ್ಲಷ್ಟೇ ಟೈರ್ ನೆಲ ಮುಟ್ಟಿರುತ್ತದೆ. ಗಾಳಿ ಕಡಿಮೆಯಾದರೆ ಅದೇ ಭಾರ ಹೊರಲು ಹೆಚ್ಚು ಜಾಗ ಬೇಕು; ಟೈರ್ ಇನ್ನಷ್ಟು ಕುಸಿದು, ಪಕ್ಕದ ಗೋಡೆ ಇನ್ನಷ್ಟು ಬಾಗುತ್ತದೆ. ಮುಂದೆ ಬರುವ ಎಲ್ಲ ತೊಂದರೆಗಳ ಬೇರು ಈ ಬಾಗುವಿಕೆಯಲ್ಲಿದೆ.

ಈಗ ಟೈರಿನ ಪಕ್ಕದ ಗೋಡೆಯನ್ನು ನೋಡೋಣ. ನಮ್ಮಲ್ಲಿ ಹಲವು ಕುಟುಂಬದ ಕಾರುಗಳಿಗೆ ಬರುವ ಒಂದು ಅಳತೆ ಹೀಗಿರುತ್ತದೆ: 185/65 ಆರ್ 15 88 ಎಚ್. 185 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65ರಷ್ಟು, ಅಂದರೆ ಸುಮಾರು 120 ಮಿಲಿಮೀಟರ್. ಆರ್ ಎಂದರೆ ರೇಡಿಯಲ್, ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಅಡ್ಡ ಸಾಗುವ ರಚನೆ. ಅವುಗಳ ಮೇಲೆ ಉಕ್ಕಿನ ತಂತಿಯ ಪಟ್ಟಿಗಳನ್ನು ಸುತ್ತಿರುತ್ತಾರೆ. 15 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಇಷ್ಟನ್ನು ಟೈರ್ ಬದಲಿಸುವಾಗ ಎಲ್ಲರೂ ಗಮನಿಸುತ್ತಾರೆ. ಗಮನಿಸದೆ ಬಿಡುವುದು ಕೊನೆಯ ಎರಡನ್ನು. ಎಚ್ ಎಂಬ ಅಕ್ಷರ ವೇಗದ ಮಿತಿ, ಗಂಟೆಗೆ 210 ಕಿಲೋಮೀಟರ್. ಟಿ ಎಂದಿದ್ದರೆ 190, ಎಸ್ ಎಂದಿದ್ದರೆ 180. ನಮ್ಮ ರಸ್ತೆಗಳಿಗೆ ಇದು ಬೇಕಾದಷ್ಟಾಯಿತು. ನಿಜವಾಗಿ ಮುಖ್ಯವಾದದ್ದು 88. ಅದು ಭಾರದ ಸೂಚ್ಯಂಕ, ಲೋಡ್ ಇಂಡೆಕ್ಸ್. 88 ಎಂದರೆ 88 ಕಿಲೋ ಎಂದರ್ಥವಲ್ಲ. ಪಟ್ಟಿಯಲ್ಲಿ ನೋಡಿದರೆ ಅದಕ್ಕೆ ಹೊಂದುವುದು 560 ಕಿಲೋ. 82ಕ್ಕೆ 475, 85ಕ್ಕೆ 515, 91ಕ್ಕೆ 615, 100ಕ್ಕೆ 800 ಕಿಲೋ. ದರ ಸ್ವಲ್ಪ ಕಡಿಮೆಯಿದೆ ಎಂದು ಅಳತೆ ಒಂದೇ ಆಗಿದ್ದರೂ ಸೂಚ್ಯಂಕ ಕಡಿಮೆಯಿರುವ ಟೈರ್ ಹಾಕಿಸಿಕೊಂಡರೆ, ಹೊರುವ ಶಕ್ತಿಯನ್ನೇ ಕಡಿಮೆ ಕೊಂಡಂತೆ.

ಇಲ್ಲಿ ಒಂದು ಷರತ್ತಿದೆ. 88 ಸೂಚ್ಯಂಕದ ಸಾಮಾನ್ಯ ಟೈರ್ 560 ಕಿಲೋ ಹೊರುವುದು ಒಳಗೆ 2.5 ಬಾರ್, ಅಂದರೆ ಸುಮಾರು 36 ಪಿಎಸ್‌ಐ ಗಾಳಿ ಇದ್ದಾಗ ಮಾತ್ರ. ಯುರೋಪಿನ ಟೈರ್ ಮಾನದಂಡಗಳ ಸೂತ್ರದಂತೆ ಲೆಕ್ಕ ಹಾಕಿದರೆ, ಅದೇ ಟೈರ್ 33 ಪಿಎಸ್‌ಐಯಲ್ಲಿ ಸುಮಾರು 520 ಕಿಲೋ, 29ರಲ್ಲಿ ಸುಮಾರು 470 ಕಿಲೋ, 26ರಲ್ಲಿ ಸುಮಾರು 430 ಕಿಲೋ ಹೊರಬಲ್ಲದು. ಟೈರ್ ಹೊಸದು, ರಬ್ಬರ್ ಗಟ್ಟಿ, ಕಂಪನಿ ಹೆಸರಾಂತದ್ದು, ಎಲ್ಲ ಸರಿ; ಗಾಳಿ ಇಳಿದರೆ ಶಕ್ತಿಯೂ ಇಳಿಯುತ್ತದೆ. ಈ ಲೆಕ್ಕವನ್ನು ಒಂದು ಪ್ರಯಾಣಕ್ಕೆ ಹಚ್ಚಿ ನೋಡಿ. ಏಳು ಆಸನದ ಸಣ್ಣ ಕಾರು, ಖಾಲಿ ತೂಕ 1200 ಕಿಲೋ. ಎಂಜಿನ್ ಮುಂದಿರುವುದರಿಂದ ಮುಂದಿನ ಚಕ್ರಗಳ ಮೇಲೆ 670, ಹಿಂದಿನವುಗಳ ಮೇಲೆ 530. ಮದುವೆಗೆ ಹೊರಟ ಮನೆಮಂದಿ ಒಂಬತ್ತು ಜನ, ಸರಾಸರಿ 60 ಕಿಲೋ. ಹಿಂಬದಿಯಲ್ಲಿ 50 ಕಿಲೋದ ಎರಡು ಚೀಲ ತೊಗರಿಬೇಳೆ. ಒಟ್ಟು ಹೊರೆ 640 ಕಿಲೋ. ಜನರಲ್ಲಿ ಹೆಚ್ಚಿನವರು ಕೂರುವುದು ನಡುವಿನ ಮತ್ತು ಹಿಂದಿನ ಸಾಲಿನಲ್ಲಿ, ಚೀಲಗಳು ಇರುವುದು ಇನ್ನೂ ಹಿಂದೆ. ಆದ್ದರಿಂದ ಸುಮಾರು 500 ಕಿಲೋ ಹಿಂದಿನ ಚಕ್ರಗಳ ಪಾಲಿಗೇ ಬರುತ್ತದೆ ಎನ್ನಬಹುದು. ಹಿಂದೆ ಒಟ್ಟು 1030, ಒಂದೊಂದು ಟೈರಿಗೆ 515 ಕಿಲೋ. 33 ಪಾಯಿಂಟ್ ಗಾಳಿಯಿದ್ದರೆ ಟೈರ್ ಹೇಗೋ ತಡೆದುಕೊಂಡೀತು. ‘ನಾಕು ಪಾಯಿಂಟ್ ಕಮ್ಮಿ’ ಮಾಡಿ 29ಕ್ಕೆ ತಂದರೆ ಪ್ರತಿ ಹಿಂದಿನ ಟೈರಿನ ಮೇಲೂ ಮಿತಿಗಿಂತ 45 ಕಿಲೋ ಹೆಚ್ಚಾಯಿತು. ನಾಲ್ಕು ಟೈರಿನ ಒಟ್ಟು ಶಕ್ತಿ 2240 ಕಿಲೋ, ನಮ್ಮ ಗಾಡಿ ಬರೀ 1840 ಕಿಲೋ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಭಾರ ನಾಲ್ಕೂ ಚಕ್ರಗಳಿಗೆ ಸಮನಾಗಿ ಹಂಚಿಹೋಗುವುದಿಲ್ಲ. ಟೈರ್ ತಡೆದುಕೊಂಡರೂ ಬ್ರೇಕು, ಸ್ಪ್ರಿಂಗುಗಳಿಗೆ ಬೇರೆ ಮಿತಿಗಳಿವೆ ಎಂಬುದೂ ನೆನಪಿರಲಿ.

ಮಿತಿ ಮೀರಿದ ಟೈರ್ ಆ ಕ್ಷಣಕ್ಕೇ ಸಿಡಿಯುವುದಿಲ್ಲ. ಮೊದಲು ಬಿಸಿಯಾಗುತ್ತದೆ. ರಬ್ಬರನ್ನು ಬಾಗಿಸಿ ಬಿಟ್ಟಾಗ, ಬಾಗಿಸಲು ಹಾಕಿದ ಶಕ್ತಿಯೆಲ್ಲ ಮರಳಿ ಬರುವುದಿಲ್ಲ. ಒಂದು ಪಾಲು ಶಾಖವಾಗಿ ಒಳಗೇ ಉಳಿಯುತ್ತದೆ. ಕಬ್ಬಿಣದ ತಂತಿಯೊಂದನ್ನು ಅತ್ತಿತ್ತ ಬಾಗಿಸುತ್ತಾ ಹೋದರೆ ಬಾಗಿದ ಜಾಗ ಬಿಸಿಯಾಗಿ ಕೊನೆಗೆ ತುಂಡಾಗುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಾವು ಮೇಲೆ ನೋಡಿದ ಅಳತೆಯ ಟೈರ್ ಒಂದು ಸುತ್ತಿಗೆ ಸುಮಾರು 1.95 ಮೀಟರ್ ಸಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಹನ್ನೊಂದಕ್ಕೂ ಹೆಚ್ಚು ಸುತ್ತು. ಪ್ರತಿ ಸುತ್ತಿಗೂ ಪಕ್ಕದ ಗೋಡೆಯ ಪ್ರತಿ ಭಾಗವೂ ನೆಲದ ಬಳಿ ಬಂದಾಗ ಒಮ್ಮೆ ಬಾಗಿ, ಮೇಲೇರಿದಾಗ ನೆಟ್ಟಗಾಗುತ್ತದೆ. ಹುಮನಾಬಾದಿನಿಂದ ಹೈದರಾಬಾದಿಗೆ ಸುಮಾರು 150 ಕಿಲೋಮೀಟರ್; ಮುಟ್ಟುವಷ್ಟರಲ್ಲಿ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಬಾರಿ ಈ ಬಾಗುವಿಕೆ ನಡೆದಿರುತ್ತದೆ. ಗಾಳಿ ಸರಿಯಿದ್ದರೆ ಹುಟ್ಟುವ ಶಾಖ ಹೊರಗಿನ ಗಾಳಿಗೆ ಹೋಗಿ ಸಮತೋಲ ಉಳಿಯುತ್ತದೆ. ಗಾಳಿ ಕಡಿಮೆಯಿದ್ದು, ಹೊರೆ ಹೆಚ್ಚಿದ್ದು, ವೇಗವೂ ಜೋರಾಗಿದ್ದರೆ ಹುಟ್ಟುವ ಶಾಖ ಹೋಗುವ ಶಾಖವನ್ನು ಮೀರುತ್ತದೆ. ಹೊರಗೆ 42 ಡಿಗ್ರಿ, ಡಾಂಬರು 60 ಡಿಗ್ರಿ ಇರುವ ಮಧ್ಯಾಹ್ನ ಶಾಖ ಹೊರಹೋಗುವ ದಾರಿಯೇ ಕಿರಿದಾಗಿರುತ್ತದೆ. ಟೈರಿನ ಒಳಭಾಗ 120 ಡಿಗ್ರಿಯತ್ತ ಏರತೊಡಗಿದರೆ ರಬ್ಬರಿಗೂ ಉಕ್ಕಿನ ತಂತಿಗೂ ಇರುವ ಬಂಧ ಸಡಿಲವಾಗುತ್ತದೆ, ಪದರಗಳು ಬಿಡತೊಡಗುತ್ತವೆ. ಆಮೇಲೆ ಉಳಿಯುವುದು ಸಿಡಿಯುವುದೊಂದೇ.

ಹಾಗಾದರೆ ಬಿಸಿಲಿಗೆ ಗಾಳಿ ಹಿಗ್ಗುವುದು ಸುಳ್ಳೇ? ಸುಳ್ಳಲ್ಲ. ಎಷ್ಟು ಎಂಬುದನ್ನು ಲೆಕ್ಕ ಹಾಕಬೇಕು. ಮುಚ್ಚಿದ ಜಾಗದಲ್ಲಿರುವ ಗಾಳಿಯ ಒತ್ತಡ ಅದರ ಉಷ್ಣಾಂಶಕ್ಕೆ ತಕ್ಕ ಪ್ರಮಾಣದಲ್ಲಿ ಏರುತ್ತದೆ ಎಂಬುದು ಶಾಲೆಯಲ್ಲಿ ಓದಿದ ನಿಯಮ. ಇಲ್ಲಿ ಉಷ್ಣಾಂಶವನ್ನು ಕೆಲ್ವಿನ್‌ನಲ್ಲಿ ಹಿಡಿಯಬೇಕು, ಗೇಜಿನ ಓದಿಗೆ ವಾತಾವರಣದ ಒತ್ತಡವಾದ 14.7 ಪಿಎಸ್‌ಐ ಸೇರಿಸಬೇಕು. ಬೆಳಿಗ್ಗೆ 30 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿದ ಟೈರ್ ಓಡಿ ಓಡಿ ಒಳಗಿನ ಗಾಳಿ 60 ಡಿಗ್ರಿಗೆ ಬಂದರೆ ಗೇಜು ತೋರಿಸುವುದು ಸುಮಾರು 38. ಏರಿದ್ದು ಐದು ಪಾಯಿಂಟ್. ಈಗ ಟೈರಿನ ಮೈಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಗರಿಷ್ಠ ಒತ್ತಡವನ್ನು ನೋಡಿ. ಕಾರಿನ ಟೈರುಗಳಲ್ಲಿ ಸಾಮಾನ್ಯವಾಗಿ 44 ಅಥವಾ 51 ಪಿಎಸ್‌ಐ ಎಂದಿರುತ್ತದೆ. ಅದೂ ತಣ್ಣಗಿರುವಾಗ ತುಂಬಬಹುದಾದ ಮಿತಿ. ಓಡುವಾಗ ಏರುವ ಒತ್ತಡಕ್ಕೆ ಅವಕಾಶವನ್ನು ಬೇರೆಯಾಗಿ ಇಟ್ಟಿರುತ್ತಾರೆ. ಸುಸ್ಥಿತಿಯಲ್ಲಿರುವ ಟೈರ್ ಬರೀ ಗಾಳಿಯ ಒತ್ತಡಕ್ಕೆ ಒಡೆಯಬೇಕಾದರೆ ಅದರ ಹಲವು ಪಟ್ಟು ಒತ್ತಡ ಬೇಕು. ಬಿಸಿಲಿನಿಂದ ಏರುವ ಐದಾರು ಪಾಯಿಂಟು ಅದರ ಮುಂದೆ ಏನೂ ಅಲ್ಲ.

ಈ ಐದು ಪಾಯಿಂಟನ್ನೇ ಕಂಡು ಹೆದರಿ ಮಾಡುವ ಕೆಲಸ ಹೆಚ್ಚು ಹಾನಿ ಮಾಡುತ್ತದೆ. ದಾರಿಯಲ್ಲಿ, ಮನ್ನಾಏಖೆಳ್ಳಿಯಲ್ಲೋ ಜಹೀರಾಬಾದಿನಲ್ಲೋ ನಿಲ್ಲಿಸಿ, ಬಿಸಿಯಾದ ಟೈರಿಗೆ ಗೇಜು ಹಿಡಿದಾಗ 38 ತೋರಿಸುತ್ತದೆ. ‘ಹವಾ ಜಾಸ್ತಿ ಆಗ್ಯದ’ ಎಂದು 33ಕ್ಕೆ ಇಳಿಸುತ್ತಾರೆ. ಮರುದಿನ ಬೆಳಿಗ್ಗೆ ಟೈರ್ ಮತ್ತೆ 30 ಡಿಗ್ರಿಗೆ ಬಂದಾಗ ಅದೇ ನಿಯಮದಂತೆ ಒಳಗೆ ಉಳಿದಿರುವುದು 29 ಪಿಎಸ್‌ಐಗೂ ಕಡಿಮೆ. ಮೇಲಿನ ಲೆಕ್ಕದಲ್ಲಿ 515 ಕಿಲೋ ಭಾರಕ್ಕೆ ಸೋತ ಟೈರ್ ಇದೇ. ಅಂದರೆ ಮಾಲೀಕರು ‘33 ಇಟ್ಟೇನಿ’ ಎಂದು ಪ್ರಾಮಾಣಿಕವಾಗಿ ನಂಬಿರುವಾಗಲೂ ಗಾಡಿ 29ರಲ್ಲಿ ಓಡುತ್ತಿರುತ್ತದೆ. ಕಾರು ತಯಾರಕರು ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆದಿರುವ ಅಂಕಿ ತಣ್ಣಗಿರುವ ಟೈರಿನದು: ಕನಿಷ್ಠ ಮೂರು ಗಂಟೆ ನಿಂತ, ಅಥವಾ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡದ ಟೈರಿನದು. ಓಡುವಾಗ ಒತ್ತಡ ಏರುತ್ತದೆ ಎಂಬುದನ್ನು ಆ ಅಂಕಿ ಬರೆದವರು ಮೊದಲೇ ಲೆಕ್ಕಕ್ಕೆ ಹಿಡಿದಿದ್ದಾರೆ. ನಾವು ಮತ್ತೊಮ್ಮೆ ಕಳೆದರೆ ಒಂದೇ ಲೆಕ್ಕವನ್ನು ಎರಡು ಸಲ ಕಳೆದಂತೆ.

‘ಅದೆಲ್ಲ ಪುಸ್ತಕದ ಮಾತು, ಟೈರ್ ಬ್ಲಾಸ್ಟ್ ಆಗುವುದು ಬೇಸಿಗೆಯ ಮಧ್ಯಾಹ್ನವೇ ಅಲ್ಲವೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬಿಸಿಲಿಗೂ ಟೈರ್ ಸಿಡಿಯುವುದಕ್ಕೂ ನಂಟಿದೆ, ಅನುಮಾನವಿಲ್ಲ. ಆದರೆ ಆ ನಂಟು ಗಾಳಿ ಹೆಚ್ಚಾದದ್ದರಿಂದ ಬಂದಿದೆಯೋ, ಶಾಖ ಹೊರಹೋಗದ್ದರಿಂದ ಬಂದಿದೆಯೋ ಎಂಬುದೇ ಇಲ್ಲಿ ತೀರ್ಮಾನವಾಗಬೇಕಾದದ್ದು. ಅಮೆರಿಕದಲ್ಲಿ ನಡೆದ ದೊಡ್ಡ ಪ್ರಕರಣವೊಂದು ಇದಕ್ಕೆ ಉತ್ತರ ಕೊಡುತ್ತದೆ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಬಳಕೆಯಲ್ಲಿದ್ದ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅವು ಹೆಚ್ಚಾಗಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದವು. ಓಡುತ್ತಿರುವಾಗಲೇ ಟೈರಿನ ಮೇಲ್ಪದರ ಕಿತ್ತುಬಂದು ಗಾಡಿಗಳು ಮಗುಚಿದ್ದವು. ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ 271 ಸಾವುಗಳು ಈ ಟೈರುಗಳಿಗೆ ಸಂಬಂಧಿಸಿದ್ದವು. ಪ್ರಕರಣಗಳು ದಟ್ಟವಾಗಿದ್ದದ್ದು ಅರಿಜೋನಾ, ಟೆಕ್ಸಾಸ್, ಫ್ಲೋರಿಡಾ, ಕ್ಯಾಲಿಫೋರ್ನಿಯಾದಂಥ ಬಿಸಿಲಿನ ರಾಜ್ಯಗಳಲ್ಲಿ. ಆ ಗಾಡಿಗೆ ಫೋರ್ಡ್ ಸೂಚಿಸಿದ್ದ ಗಾಳಿ ಬರೀ 26 ಪಿಎಸ್‌ಐ. ಟೈರ್ ಕಂಪನಿ ಆಮೇಲೆ 30 ಇಡಿ ಎಂದಿತು. ಟೈರಿನ ವಿನ್ಯಾಸದಲ್ಲಿ, ತಯಾರಿಕೆಯಲ್ಲಿ ದೋಷಗಳಿದ್ದದ್ದೂ ನಿಜ; ಎಲ್ಲವನ್ನೂ ಗಾಳಿಯ ತಲೆಗೆ ಕಟ್ಟಲಾಗದು. ಆದರೆ ಕಡಿಮೆ ಗಾಳಿ, ಹೆಚ್ಚು ಹೊರೆ, ವೇಗ ಮತ್ತು ಬಿಸಿಲು ಒಂದುಗೂಡಿದಲ್ಲಿ ಪದರ ಬಿಡುವುದು ಬೇಗವಾಯಿತು ಎಂಬುದು ಆ ತನಿಖೆಯ ಪಾಠ. ಅದೇ ವರ್ಷ ಅಲ್ಲಿ ಹೊಸ ಕಾನೂನು ಬಂತು. ಅದರ ಫಲವಾಗಿ 2007ರ ಸೆಪ್ಟೆಂಬರ್‌ನಿಂದ ಪ್ರತಿ ಹೊಸ ಕಾರಿಗೂ, ಗಾಳಿ ಇಳಿದರೆ ಚಾಲಕನಿಗೆ ದೀಪ ಹೊತ್ತಿಸಿ ತಿಳಿಸುವ ವ್ಯವಸ್ಥೆ ಕಡ್ಡಾಯವಾಯಿತು. ಸಾವಿರಾರು ಪುಟಗಳ ತನಿಖೆಯ ಬಳಿಕ ಚಾಲಕರಿಗೆ ಎಚ್ಚರಿಕೆ ಕೊಡಲು ಆರಿಸಿಕೊಂಡದ್ದು ಗಾಳಿ ಇಳಿದದ್ದನ್ನು ಎಂಬುದು ಗಮನಿಸಬೇಕಾದ ಸಂಗತಿ.

ಇನ್ನೊಂದು ಆಕ್ಷೇಪ ಹೊಲದಿಂದ ಬರುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ ಕಾರಿನ ಅರ್ಧದಷ್ಟೂ ಗಾಳಿ ಇರುವುದಿಲ್ಲ, ಎಷ್ಟು ಬಿಸಿಲಿದ್ದರೂ ಅದು ಸಿಡಿಯುವುದಿಲ್ಲವಲ್ಲ? ಉತ್ತರ ವೇಗದಲ್ಲಿದೆ. ಎರೆಹೊಲದಲ್ಲಿ ಟ್ರ್ಯಾಕ್ಟರ್ ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗದಲ್ಲಿ ಉಳುತ್ತದೆ. ಚಕ್ರ ದೊಡ್ಡದು, ಸುತ್ತುಗಳು ಕಡಿಮೆ, ಒಂದು ಬಾಗುವಿಕೆಗೂ ಇನ್ನೊಂದಕ್ಕೂ ನಡುವೆ ಆರಲು ಸಮಯವಿದೆ. ಮಣ್ಣಿನಲ್ಲಿ ಹೂತುಹೋಗದೆ ಹಿಡಿತ ಸಿಗಲೆಂದೇ ಅದರ ಟೈರನ್ನು ಕಡಿಮೆ ಗಾಳಿಗೆ ರೂಪಿಸಿರುತ್ತಾರೆ. ಅದೇ ನ್ಯಾಯವನ್ನು ಹೆದ್ದಾರಿಯ ಕಾರಿಗೆ ಹಚ್ಚಲಾಗದು. ಇನ್ನು ಕೆಲವರು ಗುಂಡಿ ಬಿದ್ದ ರಸ್ತೆಯಲ್ಲಿ ಗಾಡಿ ಕುಲುಕದಿರಲಿ ಎಂದು ಗಾಳಿ ಇಳಿಸುತ್ತಾರೆ. ಕುಲುಕು ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಗಾಳಿ ಕಡಿಮೆಯಿರುವ ಟೈರ್ ಗುಂಡಿಯ ಅಂಚಿಗೆ ಬಡಿದಾಗ ಪಕ್ಕದ ಗೋಡೆ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಜಜ್ಜುತ್ತದೆ, ಒಳಗಿನ ದಾರಗಳು ಹರಿಯುತ್ತವೆ. ಕೆಲವು ದಿನಗಳಲ್ಲಿ ಅಲ್ಲಿ ಗುಳ್ಳೆಯಂತೆ ಉಬ್ಬು ಕಾಣಿಸಿಕೊಳ್ಳುತ್ತದೆ. ಆ ಉಬ್ಬಿನ ಹಿಂದೆ ಗಾಳಿಯನ್ನು ತಡೆದಿರುವುದು ಬರೀ ರಬ್ಬರ್. ಅದನ್ನು ಪ್ಯಾಚ್ ಹಾಕಿ ಸರಿಮಾಡಲಾಗದು. ಟೈರ್ ಬದಲಿಸುವುದೊಂದೇ ದಾರಿ.

ನೈಟ್ರೋಜನ್ ತುಂಬಿಸಿದರೆ ಚಿಂತೆಯಿಲ್ಲ ಎಂಬ ನಂಬಿಕೆ ಈಚೆಗೆ ಬೆಳೆದಿದೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಉಷ್ಣಾಂಶ ಏರಿದಾಗ ಎರಡರ ಒತ್ತಡವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರುತ್ತದೆ. ಲಾಭವಿರುವುದು ಎರಡು ಕಡೆ: ತೇವಾಂಶ ಇರುವುದಿಲ್ಲ, ಸೋರಿಕೆ ಸ್ವಲ್ಪ ನಿಧಾನ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 30 ಪಿಎಸ್‌ಐ ತುಂಬಿದ ಟೈರುಗಳನ್ನು ಒಂದು ವರ್ಷ ಹಾಗೇ ಇಟ್ಟು ಪರೀಕ್ಷಿಸಿದಾಗ ಸಾಮಾನ್ಯ ಗಾಳಿಯವು ಸರಾಸರಿ 3.5, ನೈಟ್ರೋಜನ್ನಿನವು 2.2 ಪಿಎಸ್‌ಐ ಕಳೆದುಕೊಂಡಿದ್ದವು. ವರ್ಷಕ್ಕೆ ಒಂದೂ ಕಾಲು ಪಾಯಿಂಟಿನ ವ್ಯತ್ಯಾಸ. ಹಣ ಕೊಟ್ಟು ತುಂಬಿಸಬೇಕೆನ್ನುವವರು ತುಂಬಿಸಲಿ, ಆದರೆ ಗೇಜು ಹಿಡಿದು ನೋಡುವ ಕೆಲಸ ಅದರಿಂದ ತಪ್ಪುವುದಿಲ್ಲ. ಟ್ಯೂಬ್‌ಲೆಸ್ ಟೈರಿನ ವಿಷಯವೂ ಹೀಗೆಯೇ. ಮೊಳೆ ಚುಚ್ಚಿದರೂ ಗಾಳಿ ಒಮ್ಮೆಲೇ ಹೋಗದೆ ನಿಧಾನವಾಗಿ ಇಳಿಯುವುದು ಅದರ ದೊಡ್ಡ ಗುಣ. ಆ ಗುಣವೇ ಗಾಳಿ ಇಳಿದದ್ದನ್ನು ನಮ್ಮ ಕಣ್ಣಿಂದ ಮರೆಮಾಡುತ್ತದೆ. ರೇಡಿಯಲ್ ಟೈರಿನ ಪಕ್ಕ ಮೊದಲೇ ಸ್ವಲ್ಪ ಉಬ್ಬಿರುವುದರಿಂದ 33ಕ್ಕೂ 26ಕ್ಕೂ ವ್ಯತ್ಯಾಸ ಕಣ್ಣಿಗೆ ತಿಳಿಯದು. ಕಾಲಿನಿಂದ ಒದ್ದು ನೋಡಿದರಂತೂ ತಿಳಿಯುವುದೇ ಇಲ್ಲ.

ಇಷ್ಟೆಲ್ಲ ಹೇಳಿದ್ದಕ್ಕೆ ಗಾಳಿ ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು ಎಂದು ತಿಳಿಯಬಾರದು. ಮಿತಿ ಮೀರಿ ತುಂಬಿದ ಟೈರ್ ನಡುವಿನಲ್ಲೇ ಸವೆಯುತ್ತದೆ, ನೆಲ ಮುಟ್ಟುವ ಜಾಗ ಕುಗ್ಗಿ ಹಿಡಿತ ಕಡಿಮೆಯಾಗುತ್ತದೆ, ಗುಂಡಿಯ ಏಟು ನೇರ ಗಾಡಿಗೆ ಬೀಳುತ್ತದೆ. ಸರಿಯಾದ ಅಂಕಿ ಬಾಗಿಲಿನ ಚೀಟಿಯಲ್ಲಿರುವುದು. ಟೈರಿನ ಮೇಲಿನ ಗರಿಷ್ಠ ಅಂಕಿಯನ್ನು ತುಂಬಬಾರದು. ಹಲವು ಗಾಡಿಗಳ ಚೀಟಿಯಲ್ಲಿ ಎರಡು ಸಾಲುಗಳಿರುತ್ತವೆ, ಒಂದು ಕಡಿಮೆ ಜನರಿರುವಾಗ, ಇನ್ನೊಂದು ಗಾಡಿ ತುಂಬಿರುವಾಗ. ಎರಡನೆಯದರಲ್ಲಿ ಹಿಂದಿನ ಟೈರಿಗೆ ಹೆಚ್ಚು ಗಾಳಿ ಸೂಚಿಸಿರುವುದನ್ನು ನೋಡಿದರೆ ನಮ್ಮ ಮೇಲಿನ ಲೆಕ್ಕ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಮಳೆಗಾಲಕ್ಕೂ ಇದೇ ಅಂಕಿ ಬೇಕು. ನಿಂತ ನೀರಿನ ಮೇಲೆ ವೇಗವಾಗಿ ಹೋದಾಗ ಟೈರ್ ನೆಲ ಬಿಟ್ಟು ನೀರಿನ ಮೇಲೆ ತೇಲುವುದುಂಟು. ವಿಮಾನದ ಟೈರುಗಳಿಗಾಗಿ ನಾಸಾ 1960ರ ದಶಕದಲ್ಲಿ ರೂಪಿಸಿದ ಸೂತ್ರವನ್ನು ಹಚ್ಚಿದರೆ ಈ ತೇಲುವಿಕೆ 32 ಪಿಎಸ್‌ಐಯಲ್ಲಿ ಸುಮಾರು 94 ಕಿಲೋಮೀಟರ್ ವೇಗಕ್ಕೆ, 24ರಲ್ಲಿ ಸುಮಾರು 82ಕ್ಕೇ ಶುರುವಾಗುತ್ತದೆ. ಕಾರಿನ ಟೈರಿನಲ್ಲಿ ಗೀರುಗಳ ಆಳ, ನೀರಿನ ಮಟ್ಟ ನೋಡಿಕೊಂಡು ಇದು ಬದಲಾಗುತ್ತದಾದರೂ, ಗಾಳಿ ಇಳಿದಷ್ಟೂ ಅಪಾಯ ಬೇಗ ಎಂಬುದು ಸ್ಪಷ್ಟ.

ಉಳಿದ ಆರೈಕೆ ದೊಡ್ಡದೇನಲ್ಲ. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದ ಆಳ 1.6 ಮಿಲಿಮೀಟರ್. ನಮ್ಮ ಮೋಟಾರು ವಾಹನ ನಿಯಮದಂತೆ ಕಾರಿಗೆ ಅದೇ ಕೊನೆಯ ಮಿತಿ. ಗೋಡೆಯ ಮೇಲೆ ನಾಲ್ಕು ಅಂಕಿಯ ದಿನಾಂಕ ಇರುತ್ತದೆ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಬಿಸಿಲು ಮತ್ತು ಆಮ್ಲಜನಕ ರಬ್ಬರನ್ನು ಗಡಸು ಮಾಡುತ್ತವೆ, ಆದ್ದರಿಂದ ಹೆಚ್ಚು ಓಡದ ಗಾಡಿಯ ಟೈರಿಗೂ ವಯಸ್ಸಾಗುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಸಣ್ಣ ಬಿರುಕುಗಳಿದ್ದರೆ ಬದಲಿಸಬೇಕು. ಎಂಟು–ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನ, ಹಿಂದಿನ ಟೈರುಗಳನ್ನು ಅದಲುಬದಲು ಮಾಡಿಸಿ, ಅಲೈನ್‌ಮೆಂಟ್ ನೋಡಿಸಿದರೆ ಸವೆತ ಸಮನಾಗಿರುತ್ತದೆ. ಸ್ಟೆಪ್ನಿಯನ್ನು ಮರೆಯಬಾರದು; ಬೇಕಾದ ದಿನ ಅದರಲ್ಲೇ ಗಾಳಿ ಇಲ್ಲದಿರುವುದು ಎಲ್ಲೆಡೆ ನಡೆಯುವಂಥದ್ದು.

ಹಾಗಾಗಿ ಬೇಸಿಗೆ ಬಂದಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು ಕಡಿಮೆ ಇಡೋಣ’ ಎಂಬುದಲ್ಲ. ‘ತಣ್ಣಗಿರುವಾಗ ಚೀಟಿಯಲ್ಲಿ ಬರೆದಷ್ಟು ಇದೆಯೇ, ಇವತ್ತು ಹೊರೆ ಎಷ್ಟು’ ಎಂಬುದು. ಕೆಲವು ನೂರು ರೂಪಾಯಿಗೆ ಒಂದು ಗೇಜು ಸಿಗುತ್ತದೆ. ಪೆಟ್ರೋಲ್ ಪಂಪುಗಳಲ್ಲಿ ಗಾಳಿ ಉಚಿತವಾಗಿ ಸಿಗಬೇಕು, ಕೇಳುವುದು ಗ್ರಾಹಕರ ಹಕ್ಕು. ಹದಿನೈದು ದಿನಕ್ಕೊಮ್ಮೆ, ಮತ್ತು ದೂರದ ಪ್ರಯಾಣದ ದಿನ ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಐದು ಟೈರಿಗೂ ಗೇಜು ಹಿಡಿಯಲು ಐದು ನಿಮಿಷ ಸಾಕು. ಮಾಣಿಕನಗರದ ದತ್ತ ಜಯಂತಿಗೋ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೋ ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಹೊರಟರೆ ಎರಡು ಗಾಡಿಗೆ ಹಂಚಿಕೊಳ್ಳುವುದು ಒಳ್ಳೆಯದು. ಆಗದಿದ್ದರೆ ಚೀಲಗಳನ್ನಾದರೂ ಬೇರೆ ಕಳಿಸಿ, ಗಾಳಿಯನ್ನು ತುಂಬಿದ ಗಾಡಿಯ ಅಂಕಿಗೆ ತಂದು, ವೇಗ ತಗ್ಗಿಸಬೇಕು. ಈ ಮಾತನ್ನು ಊರಿಗೆಲ್ಲ ಮುಟ್ಟಿಸಬಲ್ಲವರು ಪಂಕ್ಚರ್ ಅಂಗಡಿಯವರು. ಜನ ಕಾರಿನ ಪುಸ್ತಕಕ್ಕಿಂತ ಅವರ ಮಾತನ್ನು ನಂಬುತ್ತಾರೆ. ಈ ಬೇಸಿಗೆಯಲ್ಲಿ ಅವರು ಬಂದ ಪ್ರತಿ ಗಾಡಿಗೂ ‘ಬಾಗಿಲು ತೆಗೀರಿ, ಚೀಟಿ ನೋಡಿ ತುಂಬತೀನಿ’ ಎಂದರೆ, ಹಿಂದಿನ ಸೀಟಿನಲ್ಲಿ ಕೂತ ಮಕ್ಕಳಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.